ಹೆಸರು ಬೇರೆ, ಯುಕುಲೇಲೆ ಒಂದೇ: ಲೋಗೋ ಹಿಂದಿನ ವಾದ್ಯವನ್ನು ಗುರುತಿಸುವ ಸಮಗ್ರ ಮಾರ್ಗದರ್ಶಿ

ಹೋದ ಬೇಸಿಗೆ ರಜೆಯಲ್ಲಿ ಮಗಳಿಗೆ ಒಂದು ಯುಕುಲೇಲೆ ಕೊಡಿಸಿದೆ. ಪುಟ್ಟ ಗಿಟಾರಿನಂಥ ನಾಲ್ಕು ತಂತಿಯ ವಾದ್ಯ ಅದು. ಕಾನ್ಸರ್ಟ್ ಎಂಬ ಮಧ್ಯಮ ಸೈಜು, ಬೆಲೆ 5,499 ರೂಪಾಯಿ. ವಾರ ಕಳೆದಿರಲಿಲ್ಲ, ಕೆಳಗಿನ ಮನೆ ಹುಡುಗ ತನ್ನದನ್ನು ಹಿಡಿದುಕೊಂಡು ಮೇಲೆ ಬಂದ. ಅವನದು 2,899ರದ್ದು, ಬೇರೆ ಬ್ರ್ಯಾಂಡು. ಇಬ್ಬರೂ ಆಟಕ್ಕೆ ಓಡಿದ ಮೇಲೆ ಎರಡನ್ನೂ ದಿವಾನದ ಮೇಲೆ ಪಕ್ಕಪಕ್ಕ ಇಟ್ಟೆ. ಸುಮ್ನೆ ನೋಡೋಣ ಅಂತ. ತಲೆಯ ಆಕಾರ ಬೇರೆ, ಲೋಗೋ ಬೇರೆ. ಕತ್ತಿನಿಂದ ಕೆಳಗೆ ಮಾತ್ರ ಅವಳಿ ಮಕ್ಕಳು. ತಂತಿ ಕಟ್ಟುವ ಕುದುರೆ ಅದೇ. ಒಡಲಿನ ನಡುವಿನ ದುಂಡು ರಂಧ್ರ, ಅಂದರೆ ಸೌಂಡ್ ಹೋಲ್ ಸುತ್ತ ಬಳ್ಳಿಯ ಚಿತ್ತಾರ ಅದೇ. ಟಾರ್ಚ್ ಹಾಕಿ ಒಳಗೆ ಇಣುಕಿದರೆ ಅಡ್ಡಪಟ್ಟಿಗಳೂ ಅದೇ ಜಾಗದಲ್ಲಿವೆ. ಪಟ್ಟಿಯ ತುದಿಯನ್ನು ಓರೆಯಾಗಿ ಸವರಿದ ರೀತಿ ಕೂಡ ಒಂದೇ.

ಹಾಗಾದರೆ 2,600 ರೂಪಾಯಿ ಎಲ್ಲಿ ಹೋಯಿತು? ಅದನ್ನು ಹುಡುಕುತ್ತಾ ಕಲಿತದ್ದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಆ ಎರಡು ಬ್ರ್ಯಾಂಡುಗಳ ಹೆಸರು ಹೇಳುವುದಿಲ್ಲ. ಅವರು ಮಾಡಿದ್ದು ಈ ವ್ಯಾಪಾರದಲ್ಲಿ ಮುಕ್ಕಾಲು ಮಂದಿ ಮಾಡುವುದನ್ನೇ.

ಶುರು ಮಾಡುವ ಮುಂಚೆ: ಇದು ಮೋಸವಾ?

ಸಾಮಾನ್ಯವಾಗಿ ಅಲ್ಲ. ಗಂಗಾವತಿ, ಕಾರಟಗಿ ಕಡೆಯ ಅಕ್ಕಿ ಗಿರಣಿಗಳನ್ನು ನೆನೆಸಿಕೊಳ್ಳಿ. ಒಂದೇ ಗಿರಣಿಯ ಸೋನಾ ಮಸೂರಿ ಹತ್ತಾರು ಹೆಸರಿನ ಚೀಲದಲ್ಲಿ ಊರೂರಿಗೆ ಹೋಗುತ್ತದೆ. ಚೀಲದ ಮೇಲಿನ ಹೆಸರು ಮಾರುವವನದು, ಅಕ್ಕಿ ಗಿರಣಿಯದು. ಯುಕುಲೇಲೆ ಕಥೆಯೂ ಹಾಗೇ.

ಅದೂ ಇವತ್ತಿನ ಕಥೆ ಅಲ್ಲ. ಈ ವಾದ್ಯದ ಪೂರ್ವಜ ಪೋರ್ಚುಗಲ್‌ಗೆ ಸೇರಿದ ಮಡೇರಾ ದ್ವೀಪದ ಪುಟ್ಟ ಗಿಟಾರು. 1879ರಲ್ಲಿ ರೇವನ್ಸ್‌ಕ್ರ್ಯಾಗ್ ಎಂಬ ಹಡಗಿನಲ್ಲಿ ಕಬ್ಬಿನ ತೋಟಗಳ ಕೆಲಸಕ್ಕೆ ಬಂದವರು ಅದನ್ನು ಹವಾಯಿಗೆ ತಂದರು. ಆ ಹಡಗಿನಲ್ಲಿದ್ದ ಮೂವರು ಬಡಗಿಗಳು ಹೊನೊಲುಲುವಿನಲ್ಲಿ ವಾದ್ಯ ಮಾಡತೊಡಗಿದರು. 1915ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ದೊಡ್ಡ ವಸ್ತುಪ್ರದರ್ಶನದಲ್ಲಿ ಹವಾಯಿ ಸಂಗೀತ ಕೇಳಿದ ಅಮೆರಿಕನ್ನರಿಗೆ ಯುಕುಲೇಲೆ ಹುಚ್ಚು ಹಿಡಿಯಿತು. ಬೇಡಿಕೆ ಬಂತು ಅಂದರೆ ಹೆಸರುಗಳೂ ಬಂದವು. ಅಂಚೆ ಮೂಲಕ ಸರಕು ಮಾರುತ್ತಿದ್ದ ಸಿಯರ್ಸ್ ಕಂಪನಿ 1916ರಲ್ಲಿ ಶಿಕಾಗೋದ ಹಾರ್ಮನಿ ಕಾರ್ಖಾನೆಯನ್ನೇ ಕೊಂಡುಕೊಂಡಿತು. ಅಲ್ಲಿ ತಯಾರಾದ ವಾದ್ಯಗಳು ಸಿಯರ್ಸ್ ಕ್ಯಾಟಲಾಗ್‌ನಲ್ಲಿ ಸೂಪರ್‌ಟೋನ್ ಎಂಬ ಹೆಸರಲ್ಲಿ ಮಾರಾಟವಾದವು. ಮಾರ್ಟಿನ್‌ನಂಥ ದೊಡ್ಡ ಮನೆತನದ ಕಂಪನಿಯೂ ಬಾಸ್ಟನ್ನಿನ ಆಲಿವರ್ ಡಿಟ್ಸನ್ ಎಂಬ ಸಂಗೀತ ಅಂಗಡಿಗೆ ಯುಕುಲೇಲೆ ಮಾಡಿಕೊಟ್ಟಿದೆ. ಮುದ್ರೆ ಡಿಟ್ಸನ್‌ದು, ಕೈಕೆಲಸ ಮಾರ್ಟಿನ್‌ದು. ಹಳೇ ವಾದ್ಯ ಕೂಡಿಡುವವರು ಇವತ್ತಿಗೂ ಅಂಥದ್ದನ್ನು ಹುಡುಕಿಕೊಂಡು ಹೋಗುತ್ತಾರೆ.

ಈಗ ಕಾರ್ಖಾನೆಗಳು ಹೆಚ್ಚಾಗಿ ಚೀನಾದಲ್ಲಿವೆ. ಗುವಾಂಗ್‌ಡಾಂಗ್ ಪ್ರಾಂತ್ಯದ ಹುಯಿಝೌ ಸುತ್ತಮುತ್ತ ಗಿಟಾರ್ ಕಾರ್ಖಾನೆಗಳ ದೊಡ್ಡ ಗುಂಪೇ ಇದೆ. ಗುಯ್‌ಝೌ ಪ್ರಾಂತ್ಯದ ಝೆಂಗಾನ್ ಎಂಬ ಗುಡ್ಡಗಾಡು ಕೌಂಟಿಯ ಜನ ಅಲ್ಲಿಗೆ ಕೂಲಿಗೆ ಹೋಗಿ ಕೆಲಸ ಕಲಿತರು. 2013ರಿಂದ ಅವರಲ್ಲಿ ಕೆಲವರು ಊರಿಗೆ ಮರಳಿ ತಮ್ಮದೇ ಕಾರ್ಖಾನೆ ಹಾಕಿದರು. ಈಗ ಆ ಒಂದೇ ಕೌಂಟಿಯಿಂದ ವರ್ಷಕ್ಕೆ ಲಕ್ಷಗಟ್ಟಲೆ ಗಿಟಾರು, ಯುಕುಲೇಲೆಗಳು ಹೊರಬೀಳುತ್ತವೆ. ಬಹಳಷ್ಟು ಬೇರೆಯವರ ಹೆಸರು ಹೊತ್ತೇ ಹೋಗುತ್ತವೆ.

ಇವುಗಳಲ್ಲಿ ಮೂರು ಜಾತಿ ಎಂದುಕೊಳ್ಳಿ. ಮೊದಲನೆಯದು, ಬ್ರ್ಯಾಂಡಿನವರೇ ವಿನ್ಯಾಸ ಮಾಡಿ ಕಾರ್ಖಾನೆಗೆ ಕೊಟ್ಟು ಮಾಡಿಸುವುದು. ಎರಡನೆಯದು, ಕಾರ್ಖಾನೆಯ ಕ್ಯಾಟಲಾಗ್‌ನಲ್ಲಿರುವ ಮಾಡೆಲ್ಲನ್ನೇ ಆರಿಸಿ ಲೋಗೋ ಹಾಕಿಸುವುದು. ನಮ್ಮ ಮನೆ ದಿವಾನದ ಮೇಲಿದ್ದವು ಇವು. ಮೂರನೆಯದು, ಅಂಗಡಿಯವರ ಸ್ವಂತ ಹೆಸರು. ಜರ್ಮನಿಯ ಟೋಮನ್ ಅಂಗಡಿಯ ಹಾರ್ಲಿ ಬೆಂಟನ್ ಇದಕ್ಕೆ ಒಳ್ಳೆ ಉದಾಹರಣೆ. ಈ ಮೂರೂ ನ್ಯಾಯವಾದ ವ್ಯಾಪಾರ. ಬೇರೆಯವರ ಲೋಗೋ ಕದ್ದು ಅಂಟಿಸಿದರೆ ಮಾತ್ರ ಅದು ನಕಲಿ. ಅದರ ಲೆಕ್ಕವೇ ಬೇರೆ.

ಹಂತ 1: ಟೇಪ್ ಹಿಡಿದು ಅಳೆಯಿರಿ

ಕಾರ್ಖಾನೆಯವರು ಸೊಪ್ರಾನೊ, ಕಾನ್ಸರ್ಟ್, ಟೆನರ್ ಅನ್ನುವುದಕ್ಕಿಂತ ಇಂಚಿನಲ್ಲಿ ಮಾತಾಡುವುದೇ ಜಾಸ್ತಿ. 21 ಇಂಚು ಅಂದರೆ ಸೊಪ್ರಾನೊ, 23 ಅಂದರೆ ಕಾನ್ಸರ್ಟ್, 26 ಅಂದರೆ ಟೆನರ್. ಇದು ತಲೆಯಿಂದ ಬುಡದವರೆಗಿನ ಒಟ್ಟು ಉದ್ದ. ಮಾರಾಟದ ಪುಟದಲ್ಲಿ "23 ಇಂಚ್ ಯುಕುಲೇಲೆ" ಎಂದು ಇದ್ದರೆ ಅದು ಕಾರ್ಖಾನೆಯ ಭಾಷೆಯ ವಾಸನೆ.

ಒಟ್ಟು ಉದ್ದಕ್ಕಿಂತ ಮುಖ್ಯ ತಂತಿಯ ಉದ್ದ. ಕತ್ತಿನ ಮೇಲ್ತುದಿಯಲ್ಲಿ ತಂತಿಗಳು ಕೂರುವ ಗೀರುಪಟ್ಟಿ ಇದೆಯಲ್ಲ, ಅದಕ್ಕೆ ನಟ್ ಎನ್ನುತ್ತಾರೆ. ಕತ್ತಿನ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಗೆರೆಗಳು ಫ್ರೆಟ್. ನಟ್‌ನಿಂದ 12ನೇ ಫ್ರೆಟ್‌ವರೆಗೆ ಮಿಲಿಮೀಟರಿನಲ್ಲಿ ಅಳೆದು ಎರಡರಿಂದ ಗುಣಿಸಿ. ಸೊಪ್ರಾನೊಗೆ ಸುಮಾರು 350, ಕಾನ್ಸರ್ಟ್‌ಗೆ 380, ಟೆನರ್‌ಗೆ 430 ಮಿ.ಮೀ. ಬರುತ್ತದೆ. ನಟ್‌ನ ಅಗಲವನ್ನೂ ಬರೆದುಕೊಳ್ಳಿ. 35ರಿಂದ 38 ಮಿ.ಮೀ. ಇರುತ್ತದೆ.

ಅಳತೆ ಒಂದೇ ಬಂತು ಎಂದು ವಾದ್ಯವೂ ಒಂದೇ ಎಂದುಕೊಳ್ಳಬೇಡಿ. ಈ ಅಳತೆಗಳು ಎಲ್ಲರಿಗೂ ಸಾಮಾನ್ಯ. ಅಳತೆ ಹೊಂದದಿದ್ದರೆ ಮಾತ್ರ ತನಿಖೆ ಅಲ್ಲಿಗೇ ನಿಲ್ಲಿಸಬಹುದು.

ಹಂತ 2: ಬದಲಾಯಿಸಲು ಯಾವುದು ಅಗ್ಗ, ಯಾವುದು ದುಬಾರಿ?

ಇಡೀ ಕೆಲಸದ ಕೀಲಿ ಇಲ್ಲಿದೆ. ಒಂದು ಮಾಡೆಲ್ಲನ್ನು ಇನ್ನೊಂದರಂತೆ ಕಾಣದ ಹಾಗೆ ಮಾಡಲು ಕಾರ್ಖಾನೆ ಯಾವುದನ್ನು ಸುಲಭವಾಗಿ ಬದಲಿಸಬಲ್ಲದು ಎಂದು ಕೇಳಿಕೊಳ್ಳಿ. ಅದನ್ನೆಲ್ಲ ಮರೆತು, ಸುಲಭವಾಗಿ ಬದಲಿಸಲಾಗದ್ದನ್ನು ಮಾತ್ರ ನೋಡಿ.

ಲೋಗೋ ಬದಲಿಸುವುದು ಲೇಸರ್ ಯಂತ್ರಕ್ಕೆ ನಿಮಿಷದ ಕೆಲಸ. ಚೀಲ, ತಂತಿ, ಪಟ್ಟಿ, ಜೊತೆಗೆ ಕೊಡುವ, ಶ್ರುತಿ ನೋಡುವ ಟ್ಯೂನರ್ ಇವೆಲ್ಲ ಬೇರೆ ಕಡೆಯಿಂದ ಬರುವ ಸಾಮಾನು. ಬಣ್ಣ, ಪಾಲಿಶ್ ಹೇಳಿದ ಹಾಗೆ ಮಾಡಿಕೊಡುತ್ತಾರೆ. ಸೌಂಡ್ ಹೋಲ್ ಸುತ್ತಲಿನ ಚಿತ್ತಾರ ಅಗ್ಗದ ವಾದ್ಯಗಳಲ್ಲಿ ಬಹುಪಾಲು ಸ್ಟಿಕ್ಕರ್ ಅಥವಾ ಲೇಸರ್ ಸುಟ್ಟ ಗೆರೆ. ಬಿರಡೆಗಳ ಗುಂಡಿ ಕಪ್ಪಿದ್ದದ್ದು ಬಿಳಿಯಾಗಬಹುದು.

ತಲೆಯ ಆಕಾರದ ಬಗ್ಗೆ ಎಚ್ಚರ. ಎಲ್ಲರೂ ಮೊದಲು ನೋಡುವುದು ಅದನ್ನೇ, ಅದು ಬೇರೆ ಇದ್ದರೆ ವಾದ್ಯವೇ ಬೇರೆ ಎಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ತಲೆಯನ್ನು ಕತ್ತರಿಸುವುದು ಕಂಪ್ಯೂಟರ್ ನಡೆಸುವ ಯಂತ್ರ. ಅದಕ್ಕೆ ಬೇರೆ ಫೈಲ್ ಕೊಟ್ಟರೆ ತಲೆಯ ತುದಿ ಬಾಗಿಲ ಕಮಾನಿನಂತೆಯೂ ಬರುತ್ತದೆ, ಅಲೆಯಂತೆಯೂ ಬರುತ್ತದೆ. ಬ್ರ್ಯಾಂಡಿನವರು ಮೊದಲು ಬದಲಿಸುವುದೇ ಅದನ್ನು.

ದುಬಾರಿ ಯಾವುದು ಹಾಗಾದರೆ? ಮೊದಲು ಒಡಲಿನ ಅಚ್ಚು. ಪಕ್ಕದ ಹಲಗೆಯನ್ನು ಬಿಸಿ ಮಾಡಿ ಅಚ್ಚಿಗೆ ಒತ್ತಿ ಬಗ್ಗಿಸುತ್ತಾರೆ. ಹೊಸ ಆಕಾರ ಬೇಕೆಂದರೆ ಹೊಸ ಅಚ್ಚು, ಅದಕ್ಕೆ ಹೊಂದುವ ಹಿಡಿಕೆಗಳು, ಹೊಸ ಪೆಟ್ಟಿಗೆ ಎಲ್ಲ ಬೇಕು. ಸಣ್ಣ ಆರ್ಡರ್ ಕೊಡುವವನಿಗೆ ಅದು ಗಿಟ್ಟುವುದಿಲ್ಲ. ಹಾಗಾಗಿ ಸೊಂಟದ ಬಳುಕು, ಕೆಳಗಿನ ಉಬ್ಬಿನ ಅಗಲ, ಹಿಂಬದಿ ಚಪ್ಪಟೆಯೋ ಸ್ವಲ್ಪ ಉಬ್ಬೋ ಎನ್ನುವುದನ್ನು ನೋಡಿ. ಎರಡನೆಯದು ಕುದುರೆ. ವೀಣೆಯಲ್ಲಿ ತಂತಿ ಹೊರುವ ಭಾಗಕ್ಕೆ ಕುದುರೆ ಎನ್ನುತ್ತೇವಲ್ಲ, ಇಲ್ಲೂ ಆ ಹೆಸರು ಚೆನ್ನಾಗಿ ಒಪ್ಪುತ್ತದೆ. ಅದರ ರೆಕ್ಕೆಗಳ ಆಕಾರ, ತಂತಿ ಗಂಟು ಹಾಕುವುದಾ ಅಥವಾ ಗೀರಿಗೆ ಸಿಕ್ಕಿಸುವುದಾ ಎನ್ನುವುದು ಗಟ್ಟಿ ಗುರುತು. ಮೂರನೆಯದು ಕತ್ತು ಒಡಲಿಗೆ ಸೇರುವ ಹಿಮ್ಮಡಿ. ಅದನ್ನು ಯಾರೂ ನೋಡುವುದಿಲ್ಲ, ಆದ್ದರಿಂದ ಯಾರೂ ಬದಲಿಸುವುದೂ ಇಲ್ಲ. ನಮ್ಮ ಎರಡು ವಾದ್ಯಗಳಲ್ಲಿ ಹಿಮ್ಮಡಿಯ ಕೆಳಗೆ ಒಂದು ಪುಟ್ಟ ಚೂಪು ಇತ್ತು. ಬೆರಳು ಆಡಿಸಿದರೆ ಎರಡರಲ್ಲೂ ಅದೇ ಕಡೆ ಚುಚ್ಚುತ್ತಿತ್ತು.

ಇನ್ನೊಂದು ಸಣ್ಣ ಗುರುತು ಫ್ರೆಟ್ ಪಟ್ಟಿಯ ಮೇಲಿನ ಚುಕ್ಕಿಗಳು. ಯುಕುಲೇಲೆಯಲ್ಲಿ ರೂಢಿಯಂತೆ 5, 7, 10, 12ನೇ ಫ್ರೆಟ್‌ಗಳಲ್ಲಿ ಚುಕ್ಕಿ. ಗಿಟಾರಿನಲ್ಲಿ 10ರ ಬದಲು 9. ಯುಕುಲೇಲೆ ಮೇಲೆ 9ರಲ್ಲಿ ಚುಕ್ಕಿ ಕಂಡರೆ ಕೂಡಲೇ ಬರೆದುಕೊಳ್ಳಿ. ಎರಡು ಬ್ರ್ಯಾಂಡುಗಳಲ್ಲೂ ಆ ಬೆಸ ಚುಕ್ಕಿ ಇದ್ದರೆ ಒಂದೇ ಬೆಂಚಿನಿಂದ ಎದ್ದು ಬಂದಿರುವ ಸಾಧ್ಯತೆ ಜಾಸ್ತಿ.

ನನ್ನ ಲೆಕ್ಕ ಹೀಗೆ: ಒಡಲು, ಕುದುರೆ, ಹಿಮ್ಮಡಿ ಮೂರೂ ಹೊಂದಿದರೆ ಮುಂದಿನ ಹಂತಕ್ಕೆ ಹೋಗುತ್ತೇನೆ. ಎರಡೇ ಹೊಂದಿದರೆ ಸಂಬಂಧಿಕರು ಇರಬಹುದು, ಅವಳಿ ಅಲ್ಲ.

ಹಂತ 3: ಫೋನನ್ನು ಸೌಂಡ್ ಹೋಲ್ ಬಳಿ ಹಿಡಿಯಿರಿ

ತಂತಿ ಸಡಿಲಿಸುವುದು ಬೇಡ. ಫೋನಿನ ಟಾರ್ಚ್ ಹೊತ್ತಿಸಿ, ಕ್ಯಾಮೆರಾವನ್ನು ರಂಧ್ರಕ್ಕೆ ಹತ್ತಿರ ಹಿಡಿದು ನಾಲ್ಕೈದು ಫೋಟೊ ತೆಗೆಯಿರಿ. ಒಳಗೆ ನೋಡಬೇಕಾದ್ದು ಅಡ್ಡಪಟ್ಟಿಗಳು ಎಷ್ಟು, ಎಲ್ಲಿವೆ, ತುದಿ ಹೇಗೆ ಸವರಿದ್ದಾರೆ ಎಂಬುದು. ಪಕ್ಕದ ಹಲಗೆಗೂ ಹಿಂಬದಿಗೂ ನಡುವೆ ಹಲ್ಲು ಹಲ್ಲಾಗಿ ಕೊಯ್ದ ಪಟ್ಟಿ ಇದೆಯಾ, ನೇರ ಪಟ್ಟಿ ಇದೆಯಾ ನೋಡಿ. ಗೋಂದು ಎಷ್ಟು ಹರಿದಿದೆ ಎಂಬುದನ್ನೂ ನೋಡಿ. ಹೊರಗಡೆ ಹೊಳಪು ಕೊಟ್ಟವರು ಒಳಗಡೆ ಸುಳ್ಳು ಹೇಳುವ ಕಷ್ಟ ತೆಗೆದುಕೊಳ್ಳುವುದಿಲ್ಲ.

ಲೇಬಲ್ಲಿಗೆ ಹೆಚ್ಚು ಬೆಲೆ ಕೊಡಬೇಡಿ. ಅದು ಕಾಗದ. ಆದರೆ ಕೆಲವೊಮ್ಮೆ ಲೇಬಲ್ ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಬರೆದ ಅಂಕಿ, ಸಣ್ಣ ಮೊಹರು ಸಿಗುತ್ತದೆ. ಅದು ಕಾರ್ಖಾನೆಯೊಳಗಿನ ಗುರುತು.

ಇಲ್ಲೇ ಇನ್ನೊಂದು ಕೆಲಸ ಮುಗಿಸಿಬಿಡಿ. ರಂಧ್ರದ ಅಂಚನ್ನು ಹತ್ತಿರದಿಂದ ನೋಡಿ. ಮೇಲ್ಮೈಯ ಮರದ ಗೆರೆಗಳು ಅಂಚಿನಲ್ಲೂ ಹಾಗೇ ಇಳಿದು ಬಂದಿದ್ದರೆ ಅದು ಒಂದೇ ಹಲಗೆ, ಸಾಲಿಡ್ ಎನ್ನುತ್ತಾರೆ. ಬಿಸ್ಕತ್ತಿನ ಹಾಗೆ ಪದರ ಪದರ ಕಂಡರೆ ಪ್ಲೈ. ಅಂಚಿಗೆ ಕಪ್ಪು ಬಣ್ಣ ಬಳಿದು ಮುಚ್ಚಿದ್ದರೆ ಪ್ಲೈ ಎಂದೇ ಇಟ್ಟುಕೊಳ್ಳಿ. ಪ್ಲೈ ಕೆಟ್ಟದ್ದು ಎಂದಲ್ಲ. ಮಕ್ಕಳ ಕೈಗೆ, ಮಂಗಳೂರಿನ ಮಳೆಗಾಲಕ್ಕೆ, ಕಲಬುರಗಿಯ ಏಪ್ರಿಲ್‌ಗೆ ಅದೇ ಗಟ್ಟಿ. ಪ್ಲೈಗೆ ಸಾಲಿಡ್ ಬೆಲೆ ಕೊಡಬಾರದು, ಅಷ್ಟೇ.

ಹಂತ 4: ಫೋಟೊ ಹಿಡಿದು ಅವಳಿಗಳನ್ನು ಹುಡುಕಿ

ಇನ್ನೂ ಕೊಂಡಿಲ್ಲ, ಪರದೆ ಮೇಲೆ ನೋಡುತ್ತಿದ್ದೀರಿ ಎನ್ನುವವರಿಗೆ ಈ ಹಂತ ಬಹಳ ಉಪಯೋಗ. ಮಾರಾಟದ ಪುಟದ ಫೋಟೊದಲ್ಲಿ ತಲೆಯ ಭಾಗ ಕತ್ತರಿಸಿ ಒಡಲು ಮಾತ್ರ ಉಳಿಸಿ. ಆ ತುಂಡನ್ನು ಗೂಗಲ್ ಲೆನ್ಸ್‌ಗೆ ಕೊಡಿ. ಲೋಗೋ ಇದ್ದರೆ ಅದು ಅದೇ ಬ್ರ್ಯಾಂಡನ್ನೇ ಹುಡುಕಿ ತರುತ್ತದೆ. ತಲೆ ಕತ್ತರಿಸಿದರೆ ಒಡಹುಟ್ಟಿದವರೆಲ್ಲ ಹೊರಗೆ ಬರುತ್ತಾರೆ.

ಆಮೇಲೆ ವಿವರಣೆಯ ಮಾತುಗಳನ್ನು ಓದಿ. ಬೇರೆ ಬೇರೆ ಬ್ರ್ಯಾಂಡಿನ ಪುಟಗಳಲ್ಲಿ ಒಂದೇ ಸಾಲು, ಒಂದೇ ಕಾಗುಣಿತದ ತಪ್ಪು ಕಂಡರೆ ಎರಡೂ ಒಂದೇ ಕಡೆಯಿಂದ ಬಂದಿವೆ ಎಂದು ಅನುಮಾನಿಸಬಹುದು. ಶಾಲೆಯಲ್ಲಿ ಕಾಪಿ ಹೊಡೆದವರು ಸಿಕ್ಕಿಬೀಳುತ್ತಿದ್ದದ್ದೂ ತಪ್ಪು ಉತ್ತರಗಳಲ್ಲೇ, ಅಲ್ವಾ?

ಸಗಟು ಮಾರಾಟದ ಚೀನಾ ತಾಣಗಳಲ್ಲಿ ಇಂಚು, ಮರದ ಹೆಸರು ಹಾಕಿ ಹುಡುಕಿದರೆ ಲೋಗೋ ಇಲ್ಲದ ಮೂಲ ಮಾಡೆಲ್ ಸಿಗುವುದುಂಟು. "ನಿಮ್ಮ ಲೋಗೋ ಹಾಕಿಕೊಡುತ್ತೇವೆ, ಕನಿಷ್ಠ ಇಷ್ಟು ಪೀಸು ತೆಗೆದುಕೊಳ್ಳಬೇಕು" ಎಂದು ನೇರವಾಗಿಯೇ ಬರೆದಿರುತ್ತಾರೆ. ಅಲ್ಲಿನ ಬೆಲೆ ನೋಡಿ ಹೊಟ್ಟೆ ಉರಿಸಿಕೊಳ್ಳಬೇಡಿ. ಅದರ ಮೇಲೆ ಹಡಗಿನ ಬಾಡಿಗೆ, ಸುಂಕ, ಜಿಎಸ್‌ಟಿ, ಗೋದಾಮು, ಆನ್‌ಲೈನ್ ತಾಣದ ಕಮಿಷನ್, ಒಡೆದು ವಾಪಸ್ ಬಂದವುಗಳ ನಷ್ಟ ಎಲ್ಲ ಕೂಡುತ್ತದೆ.

ಹಂತ 5: ಪೆಟ್ಟಿಗೆ ಎಸೆಯಬೇಡಿ, ಓದಿ

ನಮ್ಮ ದೇಶದಲ್ಲಿ ಕೊಳ್ಳುವವರಿಗೆ ಇದೊಂದು ಅನುಕೂಲ. 2011ರ ಕಾನೂನು ಮಾಪನಶಾಸ್ತ್ರ ಪ್ಯಾಕೇಜು ನಿಯಮಗಳ ಪ್ರಕಾರ, ಆಮದು ಮಾಡಿದ ಸರಕಿನ ಪ್ಯಾಕೆಟ್ ಮೇಲೆ ಆಮದುದಾರರ ಹೆಸರು, ವಿಳಾಸ, ಯಾವ ದೇಶದಲ್ಲಿ ತಯಾರಾದದ್ದು, ಎಂಆರ್‌ಪಿ, ದೂರು ಹೇಳಲು ಸಂಪರ್ಕ ಎಲ್ಲ ಇರಬೇಕು. ಎರಡು ಬ್ರ್ಯಾಂಡುಗಳ ಪೆಟ್ಟಿಗೆ ಮೇಲೆ ಒಂದೇ ಆಮದುದಾರರ ಹೆಸರಿದ್ದರೆ ಅರ್ಧ ಕಥೆ ಮುಗಿಯಿತು. 2020ರ ಇ-ಕಾಮರ್ಸ್ ನಿಯಮಗಳು ಬಂದ ಮೇಲೆ ಆನ್‌ಲೈನ್ ಪುಟದಲ್ಲೂ ಯಾವ ದೇಶದ್ದು ಎಂದು ತೋರಿಸಬೇಕು. ಪುಟದ ಕೆಳಗೆ, ಯಾರೂ ಹೋಗದ ಮೂಲೆಯಲ್ಲಿ ಅದು ಇರುತ್ತದೆ.

ಬಾರ್‌ಕೋಡ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ವಾಟ್ಸಾಪ್‌ನಲ್ಲಿ ಸುತ್ತುತ್ತಲೇ ಇರುತ್ತದೆ. 890ರಿಂದ ಶುರುವಾದರೆ ಭಾರತದ ಸರಕು, 690ರಿಂದ 699ರವರೆಗಾದರೆ ಚೀನಾದ್ದು ಎಂದು. ಆ ಅಂಕಿ ಹೇಳುವುದು ನಂಬರನ್ನು ಯಾವ ದೇಶದ ಸಂಸ್ಥೆಯಿಂದ ಪಡೆದರು ಎಂದು ಮಾತ್ರ. ಚೀನಾದಲ್ಲಿ ತಯಾರಾದ ಯುಕುಲೇಲೆ ಮೇಲೆ 890 ಇರುವುದರಲ್ಲಿ ವಿಚಿತ್ರ ಏನೂ ಇಲ್ಲ.

ಇನ್ನೂ ಕುತೂಹಲ ಇದ್ದರೆ ಕೇಂದ್ರ ಸರ್ಕಾರದ ಟ್ರೇಡ್‌ಮಾರ್ಕ್ ಹುಡುಕಾಟದ ಪುಟಕ್ಕೆ ಹೋಗಿ. ಅದು ಉಚಿತ. ವಾದ್ಯಗಳು 15ನೇ ವರ್ಗದಲ್ಲಿ ಬರುತ್ತವೆ. ಬ್ರ್ಯಾಂಡಿನ ಹೆಸರು ಹಾಕಿದರೆ ಯಾರ ಹೆಸರಲ್ಲಿ ನೋಂದಣಿ ಆಗಿದೆ ಎಂದು ತೋರಿಸುತ್ತದೆ. ಹವಾಯಿಯ ಅಲೆ, ತೆಂಗಿನ ಮರದ ಚಿತ್ರ ಹಾಕಿಕೊಂಡ ಹೆಸರಿನ ಮಾಲೀಕರು ನಮ್ಮ ಪಕ್ಕದ ಊರಿನವರೇ ಆಗಿರಬಹುದು. ಅದೇನೂ ತಪ್ಪಲ್ಲ, ಆದರೆ ಗೊತ್ತಿದ್ದರೆ ಒಳ್ಳೆಯದು.

ಹಂತ 6: ಮರದ ಹೆಸರನ್ನು ಅನುಮಾನದಿಂದ ಓದಿ

ಒಂದೇ ವಾದ್ಯಕ್ಕೆ ಎರಡು ಬ್ರ್ಯಾಂಡಿನವರು ಎರಡು ಮರದ ಹೆಸರು ಹೇಳುವುದು ಮಾಮೂಲು. ಒಬ್ಬರು ಮಹಾಗನಿ ಎನ್ನುತ್ತಾರೆ, ಇನ್ನೊಬ್ಬರು ಸಪೇಲಿ ಎನ್ನುತ್ತಾರೆ. ಸಪೇಲಿ ಆಫ್ರಿಕಾದ ಮರ, ಮಹಾಗನಿಯ ಕುಟುಂಬದ್ದು, ನೋಡಲೂ ಹಾಗೇ ಕಾಣುತ್ತದೆ. ನಮ್ಮ ಬೇವಿನ ಮರ ಕೂಡ ಅದೇ ಕುಟುಂಬ! ಹಾಗೆಂದು ಬೇವಿನ ಹಲಗೆಯನ್ನು ಮಹಾಗನಿ ಎಂದು ಮಾರಿದರೆ ಕೊಳ್ಳುತ್ತೀರಾ? ಸಪೇಲಿಯಿಂದ ಒಳ್ಳೆ ಯುಕುಲೇಲೆ ಆಗುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಹೆಸರು ಸರಿಯಾಗಿ ಹೇಳಿದವರ ಮೇಲೆ ನನಗೆ ನಂಬಿಕೆ ಜಾಸ್ತಿ.

ಕೋವಾ ಮರದ ವಿಷಯದಲ್ಲಿ ಇದು ಇನ್ನೂ ಜೋರು. ಕೋವಾ ಎಂಬುದು ಹವಾಯಿಯಲ್ಲಿ ಮಾತ್ರ ಸಹಜವಾಗಿ ಬೆಳೆಯುವ ಅಕೇಶಿಯಾ. ಹಳೇ ಹವಾಯಿ ಯುಕುಲೇಲೆಗಳ ಮರ ಅದು, ಬೆಲೆಯೂ ಹಾಗೇ ಇದೆ. ಏಷ್ಯಾದಲ್ಲಿ ಬೆಳೆಯುವ ಬೇರೆ ಅಕೇಶಿಯಾಗಳಿಂದ ಮಾಡಿದ್ದನ್ನು "ಏಷ್ಯನ್ ಕೋವಾ" ಎಂದು ಕರೆಯುವ ಚಾಳಿ ಇದೆ. ಮಲೆನಾಡಿನವರಿಗೆ ಅಕೇಶಿಯಾ ಎಂದರೆ ಅರಣ್ಯ ಇಲಾಖೆಯ ನೆಡುತೋಪು, ಸೌದೆ. ಅದೂ ಇದೂ ಒಂದೇ ಗುಂಪಿನ ಮರಗಳು, ಆದರೆ ಒಂದೇ ಮರ ಅಲ್ಲ. ಮೂರು ಸಾವಿರಕ್ಕೆ ಹವಾಯಿ ಕೋವಾ ಯಾರೂ ಕೊಡುವುದಿಲ್ಲ.

ಫ್ರೆಟ್ ಪಟ್ಟಿ, ಕುದುರೆಗೆ ಮೊದಲೆಲ್ಲ ರೋಸ್‌ವುಡ್ ಹಾಕುತ್ತಿದ್ದರು. ನಮ್ಮ ಬೀಟೆ ಮರವೂ ಅದೇ ಗುಂಪು. 2017ರ ಜನವರಿಯಲ್ಲಿ ಈ ಮರಗಳ ಅಂತರರಾಷ್ಟ್ರೀಯ ಸಾಗಾಟದ ಮೇಲೆ ಸೈಟಿಸ್ ಒಪ್ಪಂದದ (ಅಳಿವಿನ ಭೀತಿಯಲ್ಲಿರುವ ಗಿಡ, ಪ್ರಾಣಿಗಳ ವ್ಯಾಪಾರ ನಿಯಂತ್ರಿಸುವ ಒಪ್ಪಂದ) ನಿರ್ಬಂಧ ಬಂತು. ತಯಾರಾದ ವಾದ್ಯಗಳಿಗೆ 2019ರ ಕೊನೆಯಲ್ಲಿ ವಿನಾಯಿತಿ ಸಿಕ್ಕಿತು. ಅಷ್ಟರಲ್ಲಿ ಎಷ್ಟೋ ಕಾರ್ಖಾನೆಗಳು ವಾಲ್‌ನಟ್ ಮತ್ತಿತರ ಮರಗಳಿಗೆ ಹೊರಳಿದ್ದವು. ಹಾಗಾಗಿ ಎರಡು ಬ್ರ್ಯಾಂಡಿನ ಪಟ್ಟಿಯಲ್ಲಿ ಮರ ಬೇರೆ ಇದ್ದರೂ ಒಡಲು ಒಂದೇ ಆಗಿರಬಹುದು, ತಯಾರಾದ ವರ್ಷ ಮಾತ್ರ ಬೇರೆ.

ಹಂತ 7: ಒಂದೇ ಹೆಸರು, ಬೇರೆ ಕಾರ್ಖಾನೆ ಎಂಬ ತಿರುಗುಮುರುಗು

ಇದು ಉಲ್ಟಾ ಕೂಡ ಆಗುತ್ತದೆ. ಹೊನೊಲುಲುವಿನ ಕೊಅಲೋಹಾ ತನ್ನ ಮುಖ್ಯ ವಾದ್ಯಗಳನ್ನು ಹವಾಯಿಯಲ್ಲೇ ಮಾಡುತ್ತದೆ, ಅದರ ಓಪಿಯೊ ಸಾಲಿನವು ಥಾಯ್ಲೆಂಡ್‌ನಲ್ಲಿ ತಯಾರಾದವು. ಕ್ಯಾಲಿಫೋರ್ನಿಯಾದ ಕಾಲಾ ಬ್ರ್ಯಾಂಡಿನ ಹೆಚ್ಚಿನ ಮಾಡೆಲ್‌ಗಳು ಏಷ್ಯಾದವು, ಎಲೈಟ್ ಸಾಲಿನವು ಕ್ಯಾಲಿಫೋರ್ನಿಯಾದಲ್ಲೇ ತಯಾರಾದವು. ಇದನ್ನು ಅವರು ಮುಚ್ಚಿಡುವುದಿಲ್ಲ. ಸೆಕೆಂಡ್‌ಹ್ಯಾಂಡ್ ಮಾರುವವರು ಮಾತ್ರ ಬರೀ ಬ್ರ್ಯಾಂಡಿನ ಹೆಸರು ಹೇಳಿ ಸಾಲಿನ ಹೆಸರು ನುಂಗಿಬಿಡುತ್ತಾರೆ. ಮಾಡೆಲ್ ನಂಬರ್ ಕೇಳದೆ ದುಡ್ಡು ಕೊಡಬೇಡಿ.

ಹಂತ 8: ಅವಳಿಗಳೂ ಒಂದೇ ಅಲ್ಲ, ಕೈಯಲ್ಲಿ ಹಿಡಿದು ಪರೀಕ್ಷಿಸಿ

ಒಂದೇ ಕಾರ್ಖಾನೆ, ಒಂದೇ ಅಚ್ಚು. ಆದರೂ ಒಂದು ಚೆನ್ನಾಗಿ ನುಡಿಯಬಹುದು, ಇನ್ನೊಂದು ನುಡಿಯದೇ ಇರಬಹುದು. ಯಾಕೆಂದರೆ ಕೊನೆಯ ಅರ್ಧ ಗಂಟೆಯ ಕೆಲಸ ಬೇರೆ. ನಟ್‌ನ ಗೀರುಗಳನ್ನು ಸರಿಯಾಗಿ ಅರ ಹೊಡೆದು ಇಳಿಸುವುದು, ಫ್ರೆಟ್ ತುದಿಗಳನ್ನು ನಯ ಮಾಡುವುದು, ಬಾಗಿದ ಕತ್ತಿನದನ್ನು ಬದಿಗೆ ಹಾಕುವುದು. ಇದನ್ನು ಸೆಟಪ್ ಎನ್ನುತ್ತಾರೆ. ಒಳ್ಳೆ ಬ್ರ್ಯಾಂಡು ಅಥವಾ ಒಳ್ಳೆ ಅಂಗಡಿ ನಿಮ್ಮಿಂದ ಜಾಸ್ತಿ ದುಡ್ಡು ತೆಗೆದುಕೊಳ್ಳುವುದಕ್ಕೆ ನ್ಯಾಯವಾದ ಕಾರಣ ಇದೇ. ಆದ್ದರಿಂದ ಆ ಕೆಲಸ ಆಗಿದೆಯಾ ಎಂದು ನೀವೇ ನೋಡಿ.

ಮೊದಲು ಶ್ರುತಿ ಮಾಡಿ: ನಾಲ್ಕು ತಂತಿಗಳಿಗೆ ಕ್ರಮವಾಗಿ ಜಿ, ಸಿ, ಇ, ಎ ಸ್ವರಗಳು. ಹೊಸ ತಂತಿಗಳು ಕೆಲವು ದಿನ ಹಿಗ್ಗುತ್ತಲೇ ಇರುತ್ತವೆ, ಅದನ್ನು ವಾದ್ಯದ ತಪ್ಪು ಎನ್ನಬೇಡಿ. ಆಮೇಲೆ ಒಂದು ತಂತಿಯನ್ನು 2 ಮತ್ತು 3ನೇ ಫ್ರೆಟ್ ನಡುವೆ ಒತ್ತಿ ಹಿಡಿದು, 1ನೇ ಫ್ರೆಟ್ ಮೇಲೆ ತಂತಿಗೂ ಲೋಹಕ್ಕೂ ನಡುವೆ ಎಷ್ಟು ಜಾಗ ಇದೆ ನೋಡಿ. ಕಾಗದ ತೂರುವಷ್ಟು ಸಾಕು. ದಪ್ಪ ರಟ್ಟು ತೂರಿದರೆ ನಟ್ ಎತ್ತರ ಇದೆ. ಅಂಥ ವಾದ್ಯದಲ್ಲಿ ಎಫ್ ಕಾರ್ಡ್ (ಹಲವು ಸ್ವರ ಒಟ್ಟಿಗೆ ನುಡಿಸುವ ಬೆರಳ ಹಿಡಿತ) ಹಿಡಿದರೆ, 1ನೇ ಫ್ರೆಟ್‌ನಲ್ಲಿ ಒತ್ತುವ ಇ ತಂತಿ ಏರಿದ ಶ್ರುತಿಯಲ್ಲಿ ಕೂಗುತ್ತದೆ. ಮಕ್ಕಳಿಗೆ ಬೆರಳು ನೋಯುವುದಕ್ಕೂ ಎಷ್ಟೋ ಸಲ ಇದೇ ಕಾರಣ. ಅಭ್ಯಾಸ ಸಾಲದು ಎಂದು ಅವರನ್ನು ಬೈಯುವ ಮುಂಚೆ ಇದನ್ನು ನೋಡಿ.

ಎರಡನೆಯದು 12ನೇ ಫ್ರೆಟ್ ಬಳಿ ತಂತಿಯ ಎತ್ತರ. ಡೆಬಿಟ್ ಕಾರ್ಡ್ ದಪ್ಪ 0.76 ಮಿ.ಮೀ. ಮೂರು ಹಳೇ ಕಾರ್ಡು ಜೋಡಿಸಿ ತಂತಿಗೂ ಫ್ರೆಟ್‌ಗೂ ನಡುವೆ ತೂರಿಸಿ. ಮೂರು ಸಲೀಸಾಗಿ ಹೋಗಿ ನಾಲ್ಕನೆಯದು ಸೇರಿದಾಗ ತಂತಿಗೆ ತಾಗಿದರೆ ಸರಿಯಾಗಿದೆ. ನಾಲ್ಕೂ ಅಲ್ಲಾಡುವಷ್ಟು ಜಾಗ ಇದ್ದರೆ ಎತ್ತರ ಜಾಸ್ತಿ.

ಮೂರನೆಯದು, ಪ್ರತಿ ತಂತಿಯನ್ನು ಎಲ್ಲೂ ಒತ್ತದೆ ಮೀಟಿ, ಆಮೇಲೆ 12ನೇ ಫ್ರೆಟ್‌ನಲ್ಲಿ ಒತ್ತಿ ಮೀಟಿ. ಎ ತಂತಿ ಒತ್ತದಿದ್ದಾಗ 440 ಹರ್ಟ್ಜ್ ಆದರೆ ಒತ್ತಿದಾಗ 880 ಬರಬೇಕು. ಫೋನಿನ ಟ್ಯೂನರ್ ಆ್ಯಪ್‌ನಲ್ಲಿ ಐದಾರು ಸೆಂಟ್ (ಪಕ್ಕಪಕ್ಕದ ಎರಡು ಫ್ರೆಟ್‌ಗಳ ಸ್ವರಗಳ ಅಂತರದ ನೂರನೇ ಒಂದು ಪಾಲು) ಆಚೀಚೆ ಇದ್ದರೆ ಬಿಟ್ಟುಬಿಡಿ. ಹದಿನೈದು ದಾಟಿದರೆ ಕುದುರೆ ಸರಿಯಾದ ಜಾಗದಲ್ಲಿ ಕೂತಿಲ್ಲದಿರಬಹುದು. ಕುದುರೆ ತಪ್ಪಿ ಕೂತಿದ್ದರೆ ಅಗ್ಗದ ವಾದ್ಯದಲ್ಲಿ ರಿಪೇರಿ ಮಾಡಿಸುವುದು ದಂಡ, ಬದಲಿಸಿ ಕೊಡಿ ಎನ್ನಿ.

ಕೊನೆಗೆ ಒಂದೊಂದು ತಂತಿಯನ್ನೂ ಎಲ್ಲಾ ಫ್ರೆಟ್‌ಗಳಲ್ಲಿ ಒತ್ತುತ್ತಾ ಹೋಗಿ, ಎಲ್ಲಾದರೂ ಜೀರ್ ಅನ್ನುತ್ತದಾ ಕೇಳಿ. ಕತ್ತಿನ ಅಂಚಿಗೆ ಅಂಗೈ ಸವರಿ ಫ್ರೆಟ್ ತುದಿ ಚುಚ್ಚುತ್ತದಾ ನೋಡಿ. ಹತ್ತು ನಿಮಿಷದ ಕೆಲಸ.

ಹಂತ 9: ಎಷ್ಟು ಕೊಡಬೇಕು ಎಂದು ತೀರ್ಮಾನಿಸಿ

ಅವಳಿಗಳು ಎಂದು ಖಾತ್ರಿಯಾದರೆ ಅಗ್ಗದ್ದರ ಬೆಲೆಯನ್ನು ವಾದ್ಯದ ಬೆಲೆ ಎಂದು ಇಟ್ಟುಕೊಳ್ಳಿ. ಅದರ ಮೇಲೆ ಕೊಡುವ ಒಂದೊಂದು ರೂಪಾಯಿಗೂ ಏನು ಸಿಗುತ್ತದೆ ಎಂದು ಕೇಳಿ. ಸೆಟಪ್ ಮಾಡಿ ಕಳಿಸುತ್ತಾರಾ? ಯಾರು ಮಾಡುತ್ತಾರೆ, ಎಲ್ಲಿ? ವಾಪಸ್ ತೆಗೆದುಕೊಳ್ಳಲು ಎಷ್ಟು ದಿನ? ವಾರಂಟಿಯಲ್ಲಿ ಬಿರಡೆ, ಕುದುರೆ ಸೇರುತ್ತವಾ? ಒಳ್ಳೆ ತಂತಿ ಹಾಕಿದ್ದಾರಾ? ತಂತಿಯ ಬ್ರ್ಯಾಂಡ್ ಹೇಳದೆ "ಇಟಾಲಿಯನ್ ಮಾದರಿಯ ತಂತಿ" ಎಂದಿದ್ದರೆ ಅದಕ್ಕೆ ಬೆಲೆ ಕಟ್ಟಬೇಡಿ. ಹತ್ತು ಸಾಮಾನಿನ ಕಿಟ್ ಎಂಬ ಆಸೆಗೂ ಬೀಳಬೇಡಿ. ಅದರಲ್ಲಿ ಕೆಲಸಕ್ಕೆ ಬರುವುದು ಚೀಲ ಮತ್ತು ಟ್ಯೂನರ್ ಎರಡೇ.

ನನ್ನ ಅಭಿಪ್ರಾಯ ಕೇಳುವುದಾದರೆ, ಊರಲ್ಲಿ ಗಿಟಾರ್ ರಿಪೇರಿ ಮಾಡುವವರು ಇದ್ದರೆ ಅಗ್ಗದ್ದನ್ನು ಕೊಂಡು ಅವರ ಕೈಗೆ ಕೊಡಿ. ಯಾರೂ ಇಲ್ಲದ ಊರಿನಲ್ಲಿ, ಅಥವಾ ಹೊರದೇಶದಲ್ಲಿರುವ ಅಕ್ಕನ ಮಗನಿಗೆ ಉಡುಗೊರೆ ಕಳಿಸುವಾಗ, ಸೆಟಪ್ ಮಾಡಿ ಕಳಿಸುವ ಅಂಗಡಿಗೆ ಸಾವಿರ ರೂಪಾಯಿ ಜಾಸ್ತಿ ಕೊಟ್ಟರೂ ನಷ್ಟವಿಲ್ಲ.

ಪುಟದಲ್ಲಿ ಸಾಲಿಡ್ ಎಂದು ಬರೆದು ಪ್ಲೈ ಕಳಿಸಿದ್ದರೆ ಅದು ಬೇರೆ ವಿಷಯ. ರಂಧ್ರದ ಅಂಚಿನ ಫೋಟೊ, ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಮೊದಲು ಮಾರಿದವರಿಗೆ ಬರೆಯಿರಿ. ಆಗಲಿಲ್ಲ ಎಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಮೆರಿಕಕ್ಕೆ ಯುಕುಲೇಲೆ ಹುಚ್ಚು ಹಿಡಿದ ಇಸವಿಯೂ ಅದೇ, ನೆನಪಿಡಲು ಸುಲಭ.

ಹಂತ 10: ಈಗಾಗಲೇ ಕೊಂಡಾಗಿದ್ದರೆ

ನನ್ನ ಪರಿಸ್ಥಿತಿ ಇದೇ ಆಗಿತ್ತು. 5,499ರ ವಾದ್ಯದ ಪುಟದಲ್ಲಿ "ನುರಿತವರು ಸೆಟಪ್ ಮಾಡಿದ್ದು" ಎಂದಿತ್ತು. ಮೇಲಿನ ಪರೀಕ್ಷೆ ಮಾಡಿದರೆ ಎರಡರ ನಟ್ಟೂ ಒಂದೇ ಎತ್ತರ! ರಟ್ಟು ಎರಡರಲ್ಲೂ ತೂರಿತು. ಮಾರಿದವರಿಗೆ ಬರೆದೆ. ವಾಪಸ್ ಕಳಿಸುವ ದಿನ ಮುಗಿದಿದೆ ಎಂದು ಉತ್ತರ ಬಂತು. ತಪ್ಪು ನನ್ನದೂ ಇತ್ತು, ಬಂದ ದಿನವೇ ನೋಡಬೇಕಿತ್ತು.

ನಟ್ ಎತ್ತರ ಇದ್ದರೆ ನೀವೇ ಅರ ಹಿಡಿಯಲು ಹೋಗಬೇಡಿ. ಒಂದು ಎಳೆತ ಜಾಸ್ತಿಯಾದರೆ ತಂತಿ ಜೀರ್ ಎನ್ನತೊಡಗುತ್ತದೆ, ಆಮೇಲೆ ಹೊಸ ನಟ್ಟೇ ಬೇಕು. ಎರಡನ್ನೂ ಚೀಲಕ್ಕೆ ಹಾಕಿಕೊಂಡು ಗಿಟಾರ್ ರಿಪೇರಿಯವರ ಹತ್ತಿರ ಹೋದೆ. ಅವರು ಲೋಗೋ ಕಡೆ ನೋಡಲೇ ಇಲ್ಲ. ವಾದ್ಯವನ್ನು ಕಣ್ಣಿಗೆ ನೇರ ಹಿಡಿದು ಕತ್ತು ನೋಡಿದರು, ಹಿಮ್ಮಡಿಯ ಚೂಪಿಗೆ ಹೆಬ್ಬೆರಳು ತಾಗಿಸಿ "ಓ, ಇದಾ?" ಎಂದರು. ಒಂದೊಂದಕ್ಕೆ 400 ರೂಪಾಯಿ, ಅರ್ಧ ಗಂಟೆ. ಚೂಪನ್ನೂ ಉಜ್ಜಿ ನಯ ಮಾಡಿ ಕೊಟ್ಟರು, ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಈಗ ಎರಡೂ ಚೆನ್ನಾಗಿ ನುಡಿಯುತ್ತವೆ. ಮಕ್ಕಳು ದಿನಕ್ಕೊಂದು ಸಲ ಅದಲು ಬದಲು ಮಾಡಿಕೊಳ್ಳುತ್ತಾರೆ. ಹೋದ ವಾರ ಕೆಳಗಿನ ಮನೆ ಹುಡುಗ ತನ್ನದರ ಲೋಗೋವನ್ನು ಉಗುರಿನಲ್ಲಿ ಕೆರೆದು ತೆಗೆದು ಅಲ್ಲಿ ತನ್ನ ಹೆಸರು ಬರೆದುಕೊಂಡಿದ್ದಾನೆ, ಸ್ಕೆಚ್ ಪೆನ್ನಿನಲ್ಲಿ.